ಹಳೆಯ ಕಲ್ಲಿನ ಮಗ್ಗುಲಿಗೆ ಹೊಸ ಕಲ್ಲು

ಈ ಪುಟಗಳಲ್ಲಿ ಪುಸ್ತಕಗಳ ವಿಮರ್ಶೆ ಬರುತ್ತದೆ, ರಾಜ್ಯೋತ್ಸವದ ನಾಟಕದ ವಿಮರ್ಶೆ ಬರುತ್ತದೆ. ಸಮಾಧಿಯ ಕಲ್ಲಿನ ವಿಮರ್ಶೆಯೂ ಉಂಟೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಕಲ್ಲು ಕೂಡ ಒಂದು ಬರಹವೇ. ಅದಕ್ಕೂ ಕರ್ತೃವಿರುತ್ತಾನೆ, ಅಕ್ಷರವಿರುತ್ತದೆ, ಓದುಗರಿರುತ್ತಾರೆ. ಚೆನ್ನಾಗಿಲ್ಲದ ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿಡಬಹುದು. ಚೆನ್ನಾಗಿಲ್ಲದ ಕಲ್ಲು ಬಿಸಿಲು ಮಳೆಯೆನ್ನದೆ ಎದ್ದು ನಿಂತೇ ಇರುತ್ತದೆ. ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಇಲ್ಲಿ ವಿಮರ್ಶೆಗೆ ಗುರಿಯಾಗಿರುವ ಕೃತಿಯನ್ನು ಮಾಡಿಸಿದವರು ನಾವೇ. ಆದ್ದರಿಂದ ಪಕ್ಷಪಾತದ ಆರೋಪ ಬಂದರೂ ದ್ವೇಷದ ಆರೋಪ ಬರಲಾರದು.

ನಮ್ಮ ಊರು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭೆಗೆ ಹತ್ತಿರ. ಅಲ್ಲಿ ನಮ್ಮ ಹೊಲದ ಬದುವಿನ ಮೇಲೆ ಮೂರು ಸಮಾಧಿಗಳಿದ್ದವು: 1987ರಲ್ಲಿ ಅಜ್ಜ, 1994ರಲ್ಲಿ ಅಜ್ಜಿ, 2004ರಲ್ಲಿ ಅಪ್ಪ. ಮೂರರ ತಲೆಗೂ ಒಂದೊಂದು ಕೆಂಪು ಕಲ್ಲು. ಗುಳೇದಗುಡ್ಡದ ಕಡೆಯಿಂದ ಬರುವ ಮರಳುಗಲ್ಲು ಅದು. ನಮ್ಮ ಭಾಗದ ಮನೆಗಳ ಮಾಳಿಗೆಗೆ, ಅಂಗಳಕ್ಕೆ, ದನದ ಗ್ವಾದಲಿಗೆ ಹಾಕುವುದೂ ಇದೇ ಕಲ್ಲನ್ನು. ಎರಡೂವರೆ ಅಡಿ ಎತ್ತರ, ಒಂದೂಕಾಲು ಅಡಿ ಅಗಲ, ತಲೆ ತುಸು ಗುಂಡಗೆ. ಮೇಲೆ ಮೂರೆಳೆ ವಿಭೂತಿ. ಅದರ ಕೆಳಗೆ ಮೂರೇ ಸಾಲು. ಮೊದಲ ಸಾಲಿನಲ್ಲಿ ಹೆಸರು, ಎರಡನೆಯದರಲ್ಲಿ ‘ಲಿಂಗೈಕ್ಯ’ ಎಂಬ ಒಂದೇ ಪದ, ಮೂರನೆಯದರಲ್ಲಿ ಸಂವತ್ಸರ, ಮಾಸ, ತಿಥಿ. ಅಜ್ಜನದು ಪ್ರಭವ, ಅಜ್ಜಿಯದು ಭಾವ, ಅಪ್ಪನದು ತಾರಣ. ಮಾಡಿಸಿದವರ ಹೆಸರು ಎಲ್ಲಿಯೂ ಇಲ್ಲ.

ಮೊದಲಿನ ಎರಡು ಕಲ್ಲುಗಳನ್ನು ಕಡಿದವನು ಒಬ್ಬನೇ ಕಲ್ಲುಕುಟಿಗ; ಮೂರನೆಯದನ್ನು ಅವನ ಮಗ ಕಡಿದ. ಅಳತೆಯನ್ನು ಯಾರೂ ಕಾಗದದಲ್ಲಿ ಬರೆದಿಟ್ಟಿರಲಿಲ್ಲ. ಆ ಹುಡುಗ ಬಂದು ಅಜ್ಜಿಯ ಕಲ್ಲಿನ ಮೇಲೆ ಗೇಣು ಹಾಕಿ ನೋಡಿದ, ಬೆರಳಿನಿಂದ ಅಕ್ಷರದ ಆಳವನ್ನು ತಡವಿದ, ಹೋಗಿ ಕಡಿದುಕೊಂಡು ಬಂದ. ಮೂರು ಕಲ್ಲುಗಳೂ ಒಂದು ಮನೆಯ ಮೂವರು ಪಡಸಾಲೆಯಲ್ಲಿ ಕುಳಿತ ಹಾಗೆ ಕಾಣುತ್ತಿದ್ದವು. ಅದನ್ನು ಸೌಂದರ್ಯವೆಂದು ನಾವು ಆಗ ಗುರುತಿಸಿರಲಿಲ್ಲ. ಕೆಟ್ಟ ಮೇಲೆಯೇ ಗೊತ್ತಾಯಿತು.

ಅವ್ವ ತೀರಿಕೊಂಡದ್ದು 2021ರ ಶ್ರಾವಣದಲ್ಲಿ, ಊರಿನಲ್ಲಿಯೇ. ಅದು ಕೊರೋನಾ ಕಾಲ. ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ಚದುರಿದ್ದ ಮೂವರು ಅಣ್ಣತಮ್ಮಂದಿರು ತಪಾಸಣೆಯ ವರದಿ, ಗಡಿಯ ನಾಕಾ ಎಂದು ತೊಡಕುಗಳನ್ನು ದಾಟಿ ಊರು ಸೇರುವಷ್ಟರಲ್ಲಿ ಮಣ್ಣಾಗಿತ್ತು. ನಮ್ಮ ಕೈಯಿಂದ ಒಂದು ಹಿಡಿ ಮಣ್ಣೂ ಬೀಳಲಿಲ್ಲ. ಹಿರಿಯ ಮಗನಾಗಿ ಈ ಕೊರತೆಯನ್ನು ಹೇಗೆ ತುಂಬುವುದೆಂದು ಯೋಚಿಸಿ, ಕಡೆಗೆ ಪೇಟೆಯಲ್ಲಿ ಸಿಗುವುದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಲ್ಲನ್ನೇ ಹಾಕಿಸಬೇಕೆಂದು ನಿಶ್ಚಯಿಸಿದೆವು. ತಪ್ಪು ಅಲ್ಲಿಂದಲೇ ಆರಂಭವಾಯಿತು ಎನ್ನಬೇಕು. ಮನಸ್ಸಿನ ಋಣವನ್ನು ಕಲ್ಲಿನ ಮೇಲೆ ಹೊರಿಸಿದರೆ ಆ ಕಲ್ಲು ದೊಡ್ಡದಾಗದೆ ಮತ್ತೇನಾದೀತು?

ಪುಣೆಯ ಒಂದು ಅಂಗಡಿಯಲ್ಲಿ ಮಾಡಿಸಿ ಲಾರಿಯಲ್ಲಿ ಕಳಿಸಿದ ಆ ಕೃತಿಯ ವಿವರ ಹೀಗಿದೆ. ನಾಲ್ಕು ಅಡಿ ಎತ್ತರ, ಎರಡೂವರೆ ಅಡಿ ಅಗಲದ ಕರಿಯ ಗ್ರಾನೈಟು. ಮುಖ ನೋಡಿಕೊಳ್ಳುವಂತಹ ಪಾಲಿಶು. ಮೇಲ್ಭಾಗದಲ್ಲಿ ಯಂತ್ರದಿಂದ ಕೊರೆದ ಅವ್ವನ ಭಾವಚಿತ್ರ. ಅದರ ಕೆಳಗೆ ಹೊಂಬಣ್ಣ ತುಂಬಿದ ಕಂಪ್ಯೂಟರ್ ಅಕ್ಷರಗಳಲ್ಲಿ ‘ಶ್ರೀಮತಿ’ ಸಹಿತ ಹೆಸರು, ‘ಜನನ’, ‘ಮರಣ’, ಇಂಗ್ಲಿಷ್ ತಾರೀಖುಗಳು. ಅವುಗಳ ಕೆಳಗೆ ‘ಇಂತಿ ಮಕ್ಕಳು’ ಎಂದು ನಮ್ಮ ಮೂವರ ಹೆಸರು, ಪದವಿ, ಇರುವ ಊರು. ಅಚ್ಚಿನ ದೋಷವೂ ಒಂದಿತ್ತು. ಅವ್ವನ ಹೆಸರಿನ ಕೊನೆಯ ‘ವ್ವ’ದಲ್ಲಿ ಒತ್ತು ಅಕ್ಷರದ ಕೆಳಗಿಳಿಯದೆ ಪಕ್ಕಕ್ಕೆ ಸರಿದು ಒಂಟಿಯಾಗಿ ನಿಂತಿತ್ತು. ಕರಡನ್ನು ಮೊಬೈಲಿನಲ್ಲಿ ಕಳಿಸಿದಾಗ ‘ಓಕೆ’ ಎಂದವರು ನಾವೇ. ದಿನವಿಡೀ ಕಚೇರಿಯಲ್ಲಿ ಇನ್ನೊಬ್ಬರ ಕರಡಿನ ಕಾಮಾ ತಿದ್ದುವ ಗುಮಾಸ್ತರಾದ ನಾವು ಹೆತ್ತ ತಾಯಿಯ ಹೆಸರಿನ ಒತ್ತಕ್ಷರವನ್ನು ನೋಡದೆ ಸಹಿ ಹಾಕಿದೆವು.

2022ರಲ್ಲಿ ವರ್ಷದ ಕಾರ್ಯಕ್ಕೆ ಎಲ್ಲರೂ ಹೊಲಕ್ಕೆ ಹೋದೆವು. ಅಪ್ಪನ ಅಕ್ಕ, ನಮ್ಮ ಅತ್ತೆ, ಎಂಬತ್ತು ದಾಟಿದವರು, ಓದು ಬರಹ ಅರಿಯದವರು, ಕೋಲೂರಿಕೊಂಡು ಬಂದು ಕಣ್ಣ ಮೇಲೆ ಕೈಯಿಟ್ಟು ನೋಡಿ ಕೇಳಿದರು: “ಇದ್ಯಾರ ಕಲ್ಲೋ ತಮ್ಮಾ? ನಮ್ಮ ಹೊಲದಾಗ ಹೊರಗಿನವರನ್ನ ಯಾಕ ಇಟ್ಟೀರಿ?”

“ಅವ್ವಂದೇ ಅತ್ತಿ,” ಎಂದೆವು.

“ಅಕಿ ಇಷ್ಟು ಬಿಂಕದಾಕಿ ಇರಲಿಲ್ಲಲ್ಲೋ,” ಎಂದು ಅತ್ತೆ ಅಪ್ಪನ ಕಲ್ಲಿನ ಹತ್ತಿರ ಹೋಗಿ ಕುಳಿತರು.

ಇದಕ್ಕಿಂತ ಉತ್ತಮವಾದ ವಿಮರ್ಶೆಯನ್ನು ನಾವು ಓದಿಲ್ಲ. ಅಕ್ಷರ ಬಾರದ ಓದುಗರು ಕೃತಿಯನ್ನು ಒಂದೇ ನೋಟಕ್ಕೆ ಸರಿಯಾಗಿ ಓದಿದ್ದರು. ನಾವು ಇನ್ನು ಮುಂದೆ ಬರೆಯುವುದೆಲ್ಲ ಆ ಎರಡು ಮಾತುಗಳ ವ್ಯಾಖ್ಯಾನವಷ್ಟೆ.

ಮೊದಲು ಕಲ್ಲಿನ ಜಾತಿಯನ್ನು ನೋಡೋಣ. ಧಾರವಾಡದಲ್ಲಿ ಬಿ.ಎಸ್ಸಿ.ಗೆ ಭೂಗರ್ಭಶಾಸ್ತ್ರ ಓದಿದ್ದು ಸರಕಾರಿ ನೌಕರಿಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬಂದಿರಲಿಲ್ಲ, ಇಲ್ಲಿ ಬಂತು. ಪೇಟೆಯವರು ಕರಿ ಗ್ರಾನೈಟೆಂದು ಮಾರುವುದು ಶಾಸ್ತ್ರದ ದೃಷ್ಟಿಯಿಂದ ಬಹುಮಟ್ಟಿಗೆ ಗ್ರಾನೈಟಲ್ಲ. ಡಾಲೆರೈಟ್ ಮುಂತಾದ ಕರಿಯ ಅಗ್ನಿಶಿಲೆ. ನಮ್ಮ ಚಾಮರಾಜನಗರದ ಸೀಮೆಯಲ್ಲಿ ಇದು ಹೇರಳವಾಗಿ ಸಿಗುತ್ತದೆ. ಯುರೋಪಿನ ಸ್ಮಶಾನಗಳಿಗೂ ರಫ್ತಾಗುತ್ತದೆ. ಅತ್ಯಂತ ಗಟ್ಟಿ, ನೀರು ಕುಡಿಯುವುದಿಲ್ಲ, ಪಾಲಿಶು ದಶಕಗಳ ಕಾಲ ನಿಲ್ಲುತ್ತದೆ. ಈ ಗುಣಗಳಲ್ಲಿ ದೋಷವೇನೂ ಇಲ್ಲ. ಸಾಲಿನ ಉಳಿದ ಕಲ್ಲುಗಳೂ ಇಂತಹವೇ ಆಗಿದ್ದರೆ ಇದು ಅವುಗಳಿಗೆ ಒಪ್ಪುತ್ತಿತ್ತು.

ಮರಳುಗಲ್ಲಿನ ಸ್ವಭಾವವೇ ಬೇರೆ. ಅದು ಮರಳಿನ ಕಣಗಳು ಒಂದಕ್ಕೊಂದು ಅಂಟಿ ಪದರಪದರವಾಗಿ ಗಟ್ಟಿಯಾದದ್ದು. ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಅದು ಮಳೆಯ ನೀರನ್ನು ಅಷ್ಟಿಷ್ಟು ಹೀರುತ್ತದೆ. ಪಾಚಿ ಹಿಡಿಯುತ್ತದೆ, ಕಲ್ಲುಹೂವು ಬೆಳೆಯುತ್ತದೆ, ಅಂಚುಗಳು ಸವೆಯುತ್ತವೆ. ಒಂದೇ ಮಾತಿನಲ್ಲಿ ಹೇಳುವುದಾದರೆ ಅದಕ್ಕೆ ವಯಸ್ಸಾಗುತ್ತದೆ. ಅಜ್ಜನ ಕಲ್ಲಿಗೂ ಅಪ್ಪನ ಕಲ್ಲಿಗೂ ಹದಿನೇಳು ವರ್ಷದ ಅಂತರವಿದೆ. ಆ ಅಂತರ ಇಂದಿಗೂ ಕಣ್ಣಿಗೆ ಕಾಣುತ್ತದೆ, ಹಾಗೆ ಕಾಣುವುದೇ ಚೆನ್ನ. ಎರಡೂ ಒಂದೇ ದಾರಿಯಲ್ಲಿ ಹಿಂದುಮುಂದಾಗಿ ನಡೆಯುತ್ತಿವೆ. ಕರಿಯ ಕಲ್ಲು ಆ ದಾರಿಯಲ್ಲೇ ಇಲ್ಲ. ಇನ್ನು ಐವತ್ತು ವರ್ಷ ಕಳೆದರೂ ಅದು ನಿನ್ನೆ ಲಾರಿಯಿಂದ ಇಳಿದಂತೆಯೇ ಹೊಳೆಯುತ್ತಿರುತ್ತದೆ. ಹೊಂದಿಕೆಯೆಂದರೆ ಇಂದಿನ ಬಣ್ಣದ ಹೊಂದಿಕೆ ಮಾತ್ರವಲ್ಲ, ಮುಂದಿನ ವಯಸ್ಸಿನ ಹೊಂದಿಕೆಯೂ ಹೌದು ಎಂಬುದು ಅಂಗಡಿಯ ಮಾದರಿ ಫಲಕದ ಮುಂದೆ ನಿಂತಾಗ ಹೊಳೆಯುವುದಿಲ್ಲ.

ಎರಡನೆಯದು ಅಳತೆ. ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಮಡಿಕೇರಿಗೆ ಪ್ರವಾಸ ಹೋದವರಲ್ಲಿ ಕೆಲವರಾದರೂ ಅಲ್ಲಿನ ರಾಜರ ಗದ್ದಿಗೆಯನ್ನು ನೋಡಿರುತ್ತೀರಿ. ನಡುವೆ ದೊಡ್ಡ ವೀರರಾಜೇಂದ್ರ ಮತ್ತು ಅವನ ರಾಣಿಯ ಗದ್ದಿಗೆ. ಅದರ ಬಲಕ್ಕೆ ಅವನ ತಮ್ಮ ಲಿಂಗರಾಜೇಂದ್ರನದು. ಅದನ್ನು 1820ರಲ್ಲಿ ಕಟ್ಟಿಸಿದವನು ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರ. ದೊಡ್ಡಪ್ಪನ ಗದ್ದಿಗೆಯ ಹಾಗೆಯೇ ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂತಹ ಗೋಪುರಗಳು. ಆದರೆ ಗಾತ್ರದಲ್ಲಿ ಅದಕ್ಕಿಂತ ಕಿರಿದು. ಪಟ್ಟದಲ್ಲಿದ್ದ ಅರಸನಿಗೆ ತನ್ನ ಸ್ವಂತ ತಂದೆಯ ಗದ್ದಿಗೆಯನ್ನು ಎಲ್ಲಕ್ಕಿಂತ ಎತ್ತರವಾಗಿ ಕಟ್ಟಿಸುವುದು ಅಸಾಧ್ಯವಾಗಿರಲಿಲ್ಲ. ಆ ಅರಸನ ಆಳ್ವಿಕೆಯ ಬಗೆಗೆ ಇತಿಹಾಸದಲ್ಲಿ ಒಳ್ಳೆಯ ಮಾತು ಕಡಿಮೆ; ಆದರೂ ಇಲ್ಲಿ ಅಣ್ಣನ ಮಗ್ಗುಲಲ್ಲಿ ತಮ್ಮ ತಮ್ಮನಾಗಿಯೇ ಉಳಿದಿದ್ದಾನೆ ಎನ್ನದೆ ವಿಧಿಯಿಲ್ಲ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಪರಸ್ಥಳದಲ್ಲಿರುವ ನಮ್ಮಂಥವರ ಮನಸ್ಸಿಗೆ ಅದು ನಾಟದೆ ಇರದು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. ತಂದೆಯ ಗದ್ದಿಗೆಯನ್ನು ಅಷ್ಟು ಸರಿಯಾಗಿ ಸಾಲಿಗೆ ಸೇರಿಸಿದ ಚಿಕ್ಕವೀರರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ಮಗಳು ಗೌರಮ್ಮ 1864ರಲ್ಲಿ ಅಲ್ಲಿಯೇ ತೀರಿಕೊಂಡಳು. ಆಕೆಯ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಮಡಿಕೇರಿಯ ಆ ಸಾಲಿನಲ್ಲಿ ಇವರಿಬ್ಬರಿಗೂ ಜಾಗ ಸಿಗಲಿಲ್ಲ. ಸಾಲು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಅವ್ವನಿಗೆ ಸಿಕ್ಕಿತ್ತು, ಸಿಕ್ಕ ಸಾಲಿನೊಳಗೆ ಅವಳನ್ನು ಬೇರೆಯಾಗಿ ನಿಲ್ಲಿಸಿದವರು ನಾವು.

ಮೂರನೆಯದು ಅಕ್ಷರ ಮತ್ತು ಮಾತು. ಚಾಣದಿಂದ ಕಡಿದ ಅಕ್ಷರದ ತಳದಲ್ಲಿ ನೆರಳು ನಿಲ್ಲುತ್ತದೆ, ಬಣ್ಣವಿಲ್ಲದೆಯೂ ಓದಬಹುದು. ನಮ್ಮಲ್ಲಿಗೆ ಬಂದ ಕಲ್ಲಿನ ಮೇಲೆ ಯಂತ್ರ ತೆಗೆದ ಅಕ್ಷರ ಆಳವಿಲ್ಲದ್ದು. ಹೊಂಬಣ್ಣವೇ ಅದರ ಜೀವ, ಬಣ್ಣ ಹೋದರೆ ಓದು ಹೋಯಿತು. ಆದರೆ ಇದಕ್ಕಿಂತ ದೊಡ್ಡ ದೋಷ ಪಠ್ಯದಲ್ಲಿತ್ತು. ಮೂರು ಕಲ್ಲುಗಳು ‘ಲಿಂಗೈಕ್ಯ’ ಎಂದು ಹೇಳುತ್ತಿರುವಾಗ ನಾಲ್ಕನೆಯದು ‘ಮರಣ’ ಎನ್ನುತ್ತಿತ್ತು. ಒಂದೇ ಮನೆಯಲ್ಲಿ ಅತ್ತೆ, ಮಾವ, ಗಂಡ ಲಿಂಗದಲ್ಲಿ ಒಂದಾದರು, ಸೊಸೆ ಮಾತ್ರ ಸತ್ತಳು ಎಂದು ಓದಿಕೊಳ್ಳಬೇಕಾಯಿತು. ಇನ್ನು ‘ಇಂತಿ ಮಕ್ಕಳು’ ಎಂಬ ಭಾಗ. ನಾವು ಅಳತೆಪಟ್ಟಿ ಹಿಡಿದು ನೋಡಿದೆವು. ನಮ್ಮ ಹೆಸರುಗಳು, ಪದವಿಗಳು ಆಕ್ರಮಿಸಿದ ಜಾಗ ಅವ್ವನ ಹೆಸರಿನ ಜಾಗದ ಎರಡು ಪಟ್ಟು. ಅದು ಸಮಾಧಿಯ ಕಲ್ಲಾಗಿರಲಿಲ್ಲ. ಊರವರ ಮುಂದೆ ನಾವು ನಿಲ್ಲಿಸಿದ ನಮ್ಮ ಹೆಸರಿನ ಫಲಕವಾಗಿತ್ತು. ಅತ್ತೆ ಕಂಡ ಬಿಂಕ ಅವ್ವನದಲ್ಲ, ನಮ್ಮದು.

ಹಾಗಾದರೆ ಎಲ್ಲ ಕಲ್ಲುಗಳೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಆಗಿರಬೇಕೇ ಎಂದು ಕೇಳಬಹುದು. ಪುಣೆಯಲ್ಲಿರುವವರು ಖಡಕಿಯ ಯುದ್ಧ ಸ್ಮಶಾನವನ್ನು ಬಲ್ಲಿರಿ. ಅದನ್ನು ನೋಡಿಕೊಳ್ಳುವ ಸಂಸ್ಥೆ 1917ರಲ್ಲಿ ಹುಟ್ಟಿದ್ದು, ಇಂದಿನ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಬಗೆಯ ಕಲ್ಲಿರಬೇಕೆಂಬ ತತ್ತ್ವವನ್ನು 1918ರಲ್ಲಿ ಫ್ರೆಡ್ರಿಕ್ ಕೆನ್ಯನ್ ತಮ್ಮ ವರದಿಯಲ್ಲಿ ಎತ್ತಿಹಿಡಿದರು. ಅವರ ಸಾಮಾನ್ಯ ಕಲ್ಲಿನ ಅಳತೆ 2 ಅಡಿ 8 ಇಂಚು ಎತ್ತರ, 1 ಅಡಿ 3 ಇಂಚು ಅಗಲ. ನಮ್ಮ ಹೊಲದ ಕಲ್ಲುಗಳ ಅಳತೆಗೆ ಎಷ್ಟು ಹತ್ತಿರ! ಅಕ್ಷರದ ಮಾದರಿಯನ್ನು ಮ್ಯಾಕ್‌ಡೊನಾಲ್ಡ್ ಗಿಲ್ ಎಂಬವರು ಇದಕ್ಕೆಂದೇ ಬರೆದುಕೊಟ್ಟರು. ಮನೆಯವರು ತಮ್ಮ ಮಾತೊಂದನ್ನು ಸೇರಿಸಬಹುದಿತ್ತು, 66 ಅಕ್ಷರಗಳ ಮಿತಿಯೊಳಗೆ. ಆ ಮಿತಿ ನಮಗಿದ್ದಿದ್ದರೆ ‘ಇಂತಿ ಮಕ್ಕಳು’ ಹುಟ್ಟುತ್ತಲೇ ಇರಲಿಲ್ಲ.

ಆದರೆ ಆ ಸಮಾನತೆಗೂ ಬಿರುಕಿತ್ತು. ಆಯೋಗವೇ ನೇಮಿಸಿದ ಸಮಿತಿಯೊಂದು 2021ರ ಏಪ್ರಿಲಿನಲ್ಲಿ ಕೊಟ್ಟ ವರದಿಯ ಪ್ರಕಾರ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ 45,000ದಿಂದ 54,000 ಮಂದಿಗೆ ಉಳಿದವರಿಗೆ ಸಮನಾದ ಸ್ಮರಣೆ ದೊರೆಯಲಿಲ್ಲ. ಇನ್ನೂ 1,16,000ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಹೆಸರು ಹಿಡಿದು ಸ್ಮರಿಸಲ್ಪಡಲೇ ಇಲ್ಲ. ಇವರಲ್ಲಿ ಬಹುಪಾಲು ಭಾರತ, ಆಫ್ರಿಕಗಳ ಜನ. ಯಾರ ಕಲ್ಲು ಸಾಲಿಗೆ ಹೊಂದುತ್ತದೆ, ಯಾರದು ಹೊಂದುವುದಿಲ್ಲ ಎಂಬುದು ಬರಿಯ ಅಂದಚಂದದ ಪ್ರಶ್ನೆಯಲ್ಲ. ಯಾರು ನಮ್ಮವರು ಎಂಬ ಪ್ರಶ್ನೆ. “ಹೊರಗಿನವರನ್ನ ಯಾಕ ಇಟ್ಟೀರಿ” ಎಂದು ಅತ್ತೆ ಕೇಳಿದ್ದೂ ಇದನ್ನೇ.

ಸೇನೆಯ ಸಾಲಿಗೂ ಮನೆತನದ ಸಾಲಿಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಬೇಕಾದದ್ದು ಏಕರೂಪ. ಇಲ್ಲಿ ಬೇಕಾದದ್ದು ಹೋಲಿಕೆ. ಅಣ್ಣತಮ್ಮಂದಿರ ಮುಖ ಹೋಲುತ್ತದೆ, ಒಂದೇ ಆಗಿರುವುದಿಲ್ಲ. ಆದ್ದರಿಂದ ಹೊಸ ಕಲ್ಲಿಗೆ ಬಣ್ಣ ಬಳಿದು, ಎಣ್ಣೆ ಸವರಿ, ಅಂಚನ್ನು ಬೇಕೆಂದೇ ಮುರಿದು ಹಳೆಯದರಂತೆ ತೋರಿಸುವುದೂ ತಪ್ಪೇ. ಅದು ಮಗುವಿಗೆ ಬಿಳಿ ಮೀಸೆ ಅಂಟಿಸಿದಂತೆ. ಹೊಸದರ ಪಕ್ಕದಲ್ಲಿ ಹಳೆಯದು ಮಂಕಾಗಿ ಕಾಣುತ್ತದೆಂದು ಹಳೆಯದನ್ನು ಆಮ್ಲ ಹಾಕಿ, ತಂತಿಯ ಬ್ರಷ್ಷಿನಿಂದ ಉಜ್ಜಿ ತೊಳೆಯುವವರಿದ್ದಾರೆ. ಅದು ಇನ್ನೂ ದೊಡ್ಡ ತಪ್ಪು. ಮರಳುಗಲ್ಲಿನ ಕಣಗಳು ಕಳಚಿಕೊಳ್ಳುತ್ತವೆ. ಅಮೃತಶಿಲೆ, ಶಹಾಬಾದಿ ಮುಂತಾದ ಸುಣ್ಣದಂಶದ ಕಲ್ಲುಗಳಂತೂ ಆಮ್ಲ ಬಿದ್ದಲ್ಲಿ ನೊರೆಯೆದ್ದು ಕರಗುತ್ತವೆ, ಅವುಗಳೊಡನೆ ಅಕ್ಷರವೂ. ಬರಿಯ ನೀರು, ಮೆತ್ತನೆಯ ಬ್ರಷ್ಷು ಸಾಕು.

ಕಲ್ಲು ಯಾವುದಾದರೇನು, ಭಕ್ತಿಯೊಂದಿದ್ದರೆ ಸಾಲದೇ ಎಂದು ನಮ್ಮ ಎರಡನೆಯ ತಮ್ಮ ವಾದಿಸಿದ. ಸ್ಥಾವರವನ್ನು ನೆಚ್ಚಬೇಡಿರೆಂದು ಕಲಿಸಿದ ಶರಣರ ಪರಂಪರೆಯವರಾದ ನಮಗೆ ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಆ ತತ್ತ್ವದಂತೆ ನಡೆದರೆ ಬೇಕಾಗುವುದು ಸಣ್ಣ ಕಲ್ಲೇ ಹೊರತು ದೊಡ್ಡದಲ್ಲ. ಕಿರಿಯ ತಮ್ಮನ ಆಕ್ಷೇಪ ಹೆಚ್ಚು ಗಂಭೀರವಾದುದು. “ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ತಿಥಿ ಸಂವತ್ಸರ ಯಾರಿಗೆ ತಿಳಿಯುತ್ತದೆ? ಇಂಗ್ಲಿಷಿನಲ್ಲಿಯಾದರೂ ಇರಲಿ,” ಎಂದ. ಇದಕ್ಕೆ ನಮ್ಮಲ್ಲಿ ಥಟ್ಟನೆ ಉತ್ತರವಿರಲಿಲ್ಲ. ನಮ್ಮ ಮಗಳೂ ಮರಾಠಿ, ಇಂಗ್ಲಿಷುಗಳಲ್ಲಿಯೇ ಕಲಿತವಳು. ಬಹಳ ಯೋಚಿಸಿದ ಮೇಲೆ ನಮಗೆ ತೋಚಿದ್ದು ಇಷ್ಟು: ಕಲ್ಲು ಓದುವವನ ಅನುಕೂಲಕ್ಕಾಗಿ ಭಾಷೆ ಬದಲಿಸಿದರೆ ಅಜ್ಜ, ಅಜ್ಜಿ, ಅಪ್ಪನ ಕಲ್ಲುಗಳನ್ನೂ ಬದಲಿಸಬೇಕಾದೀತು. ಮೂರು ಸಾಲು ಕನ್ನಡವನ್ನು ಮಕ್ಕಳು ಕಲಿಯುವುದು ಅದಕ್ಕಿಂತ ಸುಲಭ. ಇಂಗ್ಲಿಷ್ ತಾರೀಖು ಬೇಕಾದರೆ ಕಲ್ಲಿನ ಬೆನ್ನಿಗೆ ಸಣ್ಣದಾಗಿ ಇರಲಿ.

2023ರಲ್ಲಿ ಎರಡನೆಯ ಕಲ್ಲು ಮಾಡಿಸಿದೆವು. ಅಪ್ಪನ ಕಲ್ಲನ್ನು ಕಡಿದವನನ್ನೇ ಹುಡುಕಿದೆವು. ಅವನೀಗ ನಡುವಯಸ್ಕ, ಕೆಲಸ ಕಡಿಮೆಯಾಗಿದೆ. ಬಂಡೆಯನ್ನು ಆರಿಸುವಾಗ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಗಟ್ಟಿಯಾದುದು ಗಂಟೆಯಂತೆ ನುಡಿಯುತ್ತದೆ, ಒಳಗೆ ಪದರ ಬಿಟ್ಟದ್ದು ಮೊದ್ದಾಗಿ ನುಡಿಯುತ್ತದೆ. ಅಪ್ಪನ ಕಲ್ಲಿನ ಕೆಳಮೂಲೆ ಪದರ ಬಿಡಲು ತೊಡಗಿದ್ದನ್ನು ತೋರಿಸಿ, ಇದನ್ನು ಒಂದು ಬೆರಳು ದಪ್ಪ ಹೆಚ್ಚಿಡುತ್ತೇನೆ ಎಂದ. ಹಳೆಯ ಅಕ್ಷರಗಳ ಮೇಲೆ ಕಾಗದ ಹಾಸಿ ಪೆನ್ಸಿಲಿನಿಂದ ಉಜ್ಜಿ ಮಾದರಿ ತೆಗೆದುಕೊಂಡೆವು. ಮೂರು ಸಾಲಿನ ಪಠ್ಯವನ್ನು ಈ ಸಲ ನಾವು ಬರೆಯಲಿಲ್ಲ. ಮಗಳನ್ನು ಕೂರಿಸಿ, ಆ ಉಜ್ಜಿದ ಕಾಗದದಿಂದ ಒಂದೊಂದೇ ಅಕ್ಷರ ಕಲಿಸಿ, ಅವಳ ಕೈಯಿಂದಲೇ ಬರೆಸಿದೆವು. ‘ವ್ವ’ದ ಒತ್ತನ್ನು ಅವಳು ಸರಿಯಾದ ಜಾಗದಲ್ಲಿಯೇ ಇಟ್ಟಳು. ಕೊನೆಯ ಸಾಲು ‘ಪ್ಲವ ಸಂವತ್ಸರ, ಶ್ರಾವಣ’ ಎಂದು ಆರಂಭವಾಗುತ್ತದೆ. ಪ್ಲವ ಎಂದರೇನು ಎಂದು ಕೇಳಿದಳು. ತೆಪ್ಪ ಎಂದೆವು.

ಕರಿಯ ಕಲ್ಲಿನ ಮೇಲಿನ ಹೆಸರು, ಚಿತ್ರಗಳನ್ನು ಅರೆಸಿ ತೆಗೆಸಿ ಅದನ್ನು ಬೇವಿನ ಮರದ ಕಟ್ಟೆಗೆ ಹಾಸಿದೆವು. ಎರಡು ಸಲ ಹಣ ಹೋಯಿತು, ಮನೆಯಲ್ಲಿ ಮಾತೂ ಬಂತು. ಎರಡನೆಯ ತಮ್ಮನಿಗೆ ಇನ್ನೂ ಪೂರ್ಣ ಸಮಾಧಾನವಿಲ್ಲ.

ಹೊಸ ಕಲ್ಲಿನ ಬಗೆಗೂ ವಿಮರ್ಶಕರಾಗಿ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ಅದರ ಕೆಂಪು ಇನ್ನೂ ತುಸು ಹಸಿಯಾಗಿದೆ. ಕೆಲವು ಮಳೆಗಾಲಗಳು ಬೇಕು. ಎರಡನೆಯ ಸಾಲು ಎಡಕ್ಕೆ ಕೂದಲೆಳೆಯಷ್ಟು ವಾಲಿದೆ. ಅಪ್ಪನ ಕಲ್ಲಿಗಿಂತ ಅರ್ಧ ಬೆರಳು ಗಿಡ್ಡವಾಯಿತು. ಈ ದೋಷಗಳಿದ್ದರೂ ದೂರದಿಂದ ನೋಡಿದರೆ ಈಗ ನಾಲ್ಕು ಜನ ಕುಳಿತಂತೆ ಕಾಣುತ್ತದೆ. ಕಲ್ಲು ನಿಲ್ಲಿಸಿದ ದಿನ ಅತ್ತೆಯವರನ್ನು ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದೆವು. ಈ ಸಲ ಅವರು ಯಾರದೆಂದು ಕೇಳಲಿಲ್ಲ. ನೇರವಾಗಿ ಹೋಗಿ ಆ ಕಲ್ಲಿನ ಮೇಲೆ ಕೈಯಿಟ್ಟರು.

ಊರಿನಲ್ಲಿ ಹಿರಿಯರ ಕಲ್ಲು ಹಾಕಿಸಬೇಕಾದ ಹೊಣೆ ನಮ್ಮ ಓದುಗರಲ್ಲಿ ಅನೇಕರಿಗೆ ಇಂದಲ್ಲ ನಾಳೆ ಬಂದೇ ಬರುತ್ತದೆ. ಅವರಲ್ಲಿ ನಮ್ಮದು ಒಂದೇ ವಿನಂತಿ. ಪೇಟೆಯ ಅಂಗಡಿಗೆ ಹೋಗುವ ಮೊದಲು ಒಮ್ಮೆ ಊರಿಗೆ ಹೋಗಿ, ಟೇಪು, ಕಾಗದ, ಪೆನ್ಸಿಲು ಹಿಡಿದು ಹಳೆಯ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಏನು ಬರೆಯಬೇಕು, ಎಷ್ಟು ಬರೆಯಬೇಕು ಎಂಬುದನ್ನು ಬಹುಮಟ್ಟಿಗೆ ಅದೇ ಹೇಳಿಕೊಡುತ್ತದೆ. ಈ ವಿಷಯದಲ್ಲಿ ಬೇರೆ ಅಭಿಪ್ರಾಯವುಳ್ಳವರು ತಮ್ಮ ಅನುಭವವನ್ನು ಬರೆದು ಕಳಿಸಿದರೆ ಚರ್ಚೆ ಮುಂದುವರಿದೀತು. ಮುಖ್ಯವಾಗಿ ಮಕ್ಕಳ ಭಾಷೆಯ ಪ್ರಶ್ನೆಗೆ ನಮಗಿಂತ ಒಳ್ಳೆಯ ಉತ್ತರ ಯಾರಲ್ಲಾದರೂ ಇದ್ದರೆ ಅದನ್ನು ತಿಳಿಯುವ ಆಸೆ ನಮಗಿದೆ.